ಓದುಗರ ಪ್ರಶ್ನೆ: ಆವಿಷ್ಕಾರ ಯಾರದು, ಒಡೆತನ ಯಾರದು?

ಪ್ರಶ್ನೆ: ಫಿಲಿಪ್ಪೀನ್ಸ್ ಜನರ ಆವಿಷ್ಕಾರ, ಸೃಜನಶೀಲತೆ ಹಾಗೂ ಉದ್ಯಮಶೀಲತೆಯನ್ನು ಕುರಿತ ಸ್ಫೂರ್ತಿದಾಯಕ ಭಾಷಣಗಳನ್ನು ಆಸಕ್ತಿಯಿಂದ ಕೇಳುತ್ತಿದ್ದೇನೆ. ಟ್ಯೂಬ್‌ಲೈಟನ್ನು ಕಂಡುಹಿಡಿದವರು ಅಗಾಪಿಟೊ ಫ್ಲೋರೆಸ್ ಎಂಬ ಫಿಲಿಪಿನೊ ಎಂದೂ, ಡೇನಿಯಲ್ ಡಿಂಗೆಲ್ ಎಂಬುವರು ನೀರಿನಿಂದಲೇ ಕಾರು ಓಡಿಸಿದ್ದರೆಂದೂ ಕೆಲವರು ಹೇಳುತ್ತಾರೆ. ಇದು ನಿಜವೇ? ವಿದ್ಯಾರ್ಥಿಗಳಿಗೆ ಧೈರ್ಯವಾಗಿ ಹೇಳಬಹುದಾದ ಉದಾಹರಣೆಗಳು ಯಾವುವು?

ಉತ್ತರ: ಎರಡೂ ನಿಜವಲ್ಲ. ಟ್ಯೂಬ್‌ಲೈಟ್ ಒಬ್ಬರ ಕೈಯಿಂದ ಹುಟ್ಟಿದ್ದಲ್ಲ. ಯುರೋಪ್ ಮತ್ತು ಅಮೆರಿಕದ ಅನೇಕರು ದಶಕಗಳ ಕಾಲ ನಡೆಸಿದ ಪ್ರಯೋಗಗಳ ಫಲವಾಗಿ ರೂಪುಗೊಂಡ ಅದನ್ನು 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಮಾರುಕಟ್ಟೆಗೆ ತಂದಿತು. ನೀರಿನ ಕಾರಿನ ವಿಷಯವಂತೂ ಇನ್ನೂ ಸರಳ. ಜಲಜನಕ ಉರಿದು ಉಳಿಯುವುದೇ ನೀರು; ಅದರಿಂದ ಮತ್ತೆ ಜಲಜನಕವನ್ನು ಬೇರ್ಪಡಿಸಲು, ಆ ಜಲಜನಕವನ್ನು ಉರಿಸಿದಾಗ ಸಿಗುವುದಕ್ಕಿಂತ ಹೆಚ್ಚು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಡಿಂಗೆಲ್ ಅವರನ್ನು 2008ರಲ್ಲಿ ಅಲ್ಲಿನ ನ್ಯಾಯಾಲಯವು, ತೈವಾನಿನ ಕಂಪನಿಯೊಂದಕ್ಕೆ ವಂಚಿಸಿದ ಪ್ರಕರಣದಲ್ಲಿ ಅಪರಾಧಿಯೆಂದು ಘೋಷಿಸಿತು. ಭಾಷಣಕಾರರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನಿಜವಾದ ಸಾಧನೆಗಳೇ ಇಷ್ಟಿರುವಾಗ ಇಲ್ಲದ ಹಿರಿಮೆಯನ್ನು ಆರೋಪಿಸುವ ಅಗತ್ಯವೇ ಇಲ್ಲ. ಮಕ್ಕಳ ವೈದ್ಯೆ ಫೆ ಡೆಲ್ ಮುಂಡೊ ಅವರು ವಿದ್ಯುತ್ ಇಲ್ಲದ ಹಳ್ಳಿಗಳಿಗಾಗಿ ರೂಪಿಸಿದ ಬಿದಿರಿನ ಇನ್‌ಕ್ಯುಬೇಟರನ್ನೇ ನೋಡಿ. ಬಟ್ಟೆ ಹಾಕಿಡಲು ಮನೆಮನೆಯಲ್ಲಿ ಬಳಸುವ ಎರಡು ಬುಟ್ಟಿಗಳು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದನ್ನು ದೊಡ್ಡದರೊಳಗೆ ಇಟ್ಟು, ನಡುವಿನ ಸಂದಿಯಲ್ಲಿ ಬಿಸಿನೀರಿನ ಬಾಟಲಿಗಳನ್ನು ಜೋಡಿಸಿದರೆ, ಒಳಗೆ ಮಲಗಿಸಿದ ಅವಧಿಪೂರ್ವ ಶಿಶುವಿನ ಮೈ ಬೆಚ್ಚಗಿರುತ್ತದೆ. ಆಮ್ಲಜನಕ ಕೊಡಲು ಮೇಲೊಂದು ತಾತ್ಕಾಲಿಕ ಮುಚ್ಚಿಗೆ, ಅಷ್ಟೇ. ಇದೇ ವೈದ್ಯೆ ಕೆಜಾನ್ ಸಿಟಿಯಲ್ಲಿ 1957ರಲ್ಲಿ ಆರಂಭವಾದ ಮಕ್ಕಳ ಆಸ್ಪತ್ರೆಗಾಗಿ ತಮ್ಮ ಸ್ವಂತ ಮನೆಯನ್ನು ಮಾರಿದರು. ಬುಟ್ಟಿಯ ಕಥೆ ಹೇಳುವವರು ಈ ಮನೆಯ ಕಥೆಯನ್ನೂ ಹೇಳಬೇಕು. ಏಕೆಂದರೆ ವಸ್ತು ಯಾವುದರಿಂದ ತಯಾರಾಯಿತು ಎಂಬುದರಷ್ಟೇ, ಹಣ ಎಲ್ಲಿಂದ ಬಂತು ಎಂಬುದೂ ಮುಖ್ಯ.

ಆಹಾರ ವಿಜ್ಞಾನಿ ಮರಿಯಾ ಒರೋಸಾ ಇನ್ನೊಂದು ಉತ್ತಮ ಉದಾಹರಣೆ. ಅಮೆರಿಕದ ಸಿಯಾಟಲ್‌ನಲ್ಲಿ ಓದಿ ತಾಯ್ನಾಡಿಗೆ ಮರಳಿದ ಅವರು, ಆಮದಾಗುತ್ತಿದ್ದ ಟೊಮೇಟೊ ಕೆಚಪ್‌ಗೆ ಬದಲಾಗಿ ಬಾಳೆಹಣ್ಣಿನ ಕೆಚಪ್ ರೂಪಿಸಿದರು. (ಅದು ಕೆಂಪಗಿರುವುದು ಬಣ್ಣ ಸೇರಿಸುವುದರಿಂದ, ರುಚಿಯಲ್ಲಿ ಟೊಮೇಟೊ ಕೆಚಪ್‌ಗಿಂತ ಸಿಹಿ.) ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೋಯಾದಿಂದ ತಯಾರಿಸಿದ ಪೌಷ್ಟಿಕ ಪುಡಿ ಜಪಾನೀಯರ ಸೆರೆಶಿಬಿರಗಳಲ್ಲಿ ಹಸಿದಿದ್ದವರಿಗೆ ಗುಟ್ಟಾಗಿ ತಲುಪಿತು. 1945ರ ಫೆಬ್ರುವರಿಯಲ್ಲಿ, ಮನಿಲಾ ನಗರಕ್ಕಾಗಿ ನಡೆದ ಕಾಳಗದಲ್ಲಿ ಅವರು ಪ್ರಾಣ ಕಳೆದುಕೊಂಡರು.

ಪ್ರಶ್ನೆ: ಹೊಸ ಉದ್ಯಮಿಗಳಿಗೆ ಅಲ್ಲಿನ ಸರ್ಕಾರದಿಂದ ನೆರವು ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. 2014ರ ಕಾನೂನೊಂದು ಪ್ರಾಂತ, ನಗರ ಮತ್ತು ಪುರಸಭೆಗಳಲ್ಲಿ ಸಣ್ಣ ಉದ್ಯಮಿಗಳಿಗಾಗಿ ‘ನೆಗೋಸ್ಯೊ ಕೇಂದ್ರ’ಗಳನ್ನು ತೆರೆಯಲು ಅವಕಾಶ ಮಾಡಿಕೊಟ್ಟಿತು; 2019ರ ಇನ್ನೊಂದು ಕಾನೂನು ಸ್ಟಾರ್ಟ್‌ಅಪ್‌ಗಳಿಗೆ ಅನುದಾನ, ಬಂಡವಾಳ ನಿಧಿ ಮತ್ತು ವೀಸಾ ಸೌಲಭ್ಯಗಳನ್ನು ಕಲ್ಪಿಸಿತು.

ಪ್ರಶ್ನೆ: ಇಂಥ ಭಾಷಣಗಳಲ್ಲಿ ಉದ್ಯಮವೆಂದರೆ ಅಲ್ಲಿನ ಫಾಸ್ಟ್‌ಫುಡ್ ಕಂಪನಿ ಜಾಲಿಬಿಯ ಕಥೆಯೇ ಮತ್ತೆ ಮತ್ತೆ ಬರುತ್ತದೆ. ಬೇರೆ ಕಥೆಗಳಿಲ್ಲವೇ?

ಉತ್ತರ: ಜಾಲಿಬಿಯ ಕಥೆ ಒಳ್ಳೆಯದೇ. 1975ರಲ್ಲಿ ಐಸ್‌ಕ್ರೀಮ್ ಅಂಗಡಿಯಾಗಿ ಶುರುವಾದದ್ದು ಗಿರಾಕಿಗಳ ಅಭಿರುಚಿಯನ್ನು ಅರಿತು ಬರ್ಗರ್‌ನತ್ತ ಹೊರಳಿ, 1981ರಲ್ಲಿ ಮೆಕ್‌ಡೊನಾಲ್ಡ್ಸ್ ಬಂದಾಗಲೂ ಹಿಂದೆ ಸರಿಯಲಿಲ್ಲ. ಆದರೆ ಗೆದ್ದವರ ಕಥೆಯಿಂದ ಒಪ್ಪಂದಗಳ ಅಪಾಯ ತಿಳಿಯುವುದಿಲ್ಲ. ಅದಕ್ಕೆ ನಾನು ಸೂಚಿಸುವುದು ಮ್ಯಾಗ್ಡಾಲೊ ಫ್ರಾನ್ಸಿಸ್ಕೊ ಅವರ ಪ್ರಕರಣ.

ಬಾಳೆಹಣ್ಣಿನ ಸಾಸನ್ನು ವ್ಯಾಪಾರಕ್ಕೆ ತಂದವರಲ್ಲಿ ಇವರು ಮೊದಲಿಗರು. ‘ಮಾಫ್ರಾನ್’ ಎಂಬ ಹೆಸರನ್ನು 1942ರಲ್ಲಿ ನೋಂದಾಯಿಸಿದ್ದ ಅವರು, ಬಂಡವಾಳ ಸಾಲದೆ 1960ರ ಮೇ ತಿಂಗಳಲ್ಲಿ ಯೂನಿವರ್ಸಲ್ ಫುಡ್ ಕಾರ್ಪೊರೇಷನ್ ಜತೆ ಒಪ್ಪಂದ ಮಾಡಿಕೊಂಡು, ಮಾಸಿಕ 300 ಪೆಸೊ ಸಂಬಳದ ಮುಖ್ಯ ರಸಾಯನಜ್ಞರಾದರು. ಗುಟ್ಟಿನ ಮಿಶ್ರಣವನ್ನು ಕಲಸುವಾಗ ಕಂಪನಿಯ ಅಧ್ಯಕ್ಷರನ್ನಾಗಲಿ, ಕೊನೆಗೆ ಸ್ವಂತ ಮಗನನ್ನಾಗಲಿ ಅವರು ಪ್ರಯೋಗಾಲಯದೊಳಗೆ ಬಿಡುತ್ತಿರಲಿಲ್ಲ. ಅದೇ ವರ್ಷದ ನವೆಂಬರ್ ಕೊನೆಗೆ ಅವರ ಕೆಲಸ ಹೋಯಿತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ನಡೆದು, 1970ರ ಮೇ ತಿಂಗಳಲ್ಲಿ ತೀರ್ಪು ಬಂತು: ಫ್ರಾನ್ಸಿಸ್ಕೊ ಬಿಟ್ಟುಕೊಟ್ಟದ್ದು ಸೂತ್ರವನ್ನು ಬಳಸುವ ಹಕ್ಕನ್ನು ಮಾತ್ರ, ಸೂತ್ರವನ್ನಲ್ಲ, ಸಕಾರಣವಿಲ್ಲದೆ ಅವರನ್ನು ಕೆಲಸದಿಂದ ತೆಗೆದದ್ದರಿಂದ ಒಪ್ಪಂದ ರದ್ದಾಗಬೇಕು, ಕಂಪನಿಯು ಹೆಸರು ಮತ್ತು ಸೂತ್ರದ ಬಳಕೆಯ ಹಕ್ಕನ್ನು ಹಿಂದಿರುಗಿಸಬೇಕು, 1960ರ ಡಿಸೆಂಬರ್‌ನಿಂದ ತೀರ್ಪು ಅಂತಿಮವಾಗುವವರೆಗೆ ಲೆಕ್ಕ ಹಾಕಿ ತಿಂಗಳಿಗೆ 300 ಪೆಸೊ ಕೊಡಬೇಕು. ಈ ತೀರ್ಪಿನ ಪೂರ್ಣ ಪಾಠ ಸಾರ್ವಜನಿಕವಾಗಿ ಲಭ್ಯವಿದೆ. ವಿದ್ಯಾರ್ಥಿಗಳಿಗೆ ಅದನ್ನೇ ಓದಲು ಕೊಟ್ಟು, ಆ ಒಪ್ಪಂದವನ್ನು ಅವರಾಗಿದ್ದರೆ ಹೇಗೆ ಬರೆಯುತ್ತಿದ್ದರು ಎಂದು ಕೇಳಬಹುದು.