ದೀಪ ಆರಿತು ಅಂದರೆ ವಾಲ್ವ್ ಮುಚ್ಚಿತು ಅಂತಲ್ಲ

ಪ್ರಶ್ನೆ: ವಾಲ್ವ್‌ಗೆ ‘ಮುಚ್ಚು’ ಎಂದು ಆದೇಶ ಹೋದ ಕೂಡಲೇ ನಮ್ಮ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಪ್ರೋಗ್ರಾಮಿನಲ್ಲಿ ‘ಮುಚ್ಚಿದೆ’ ಎಂದು ಬರೆದುಕೊಳ್ಳುತ್ತೇವೆ. ವಾಲ್ವ್ ನಿಜಕ್ಕೂ ಎಲ್ಲಿ ನಿಂತಿದೆ ಎಂದು ತಿಳಿಸುವ ಲಿಮಿಟ್ ಸ್ವಿಚ್ಚಿನ ಖರ್ಚು ಉಳಿಯುತ್ತದೆ. ತಪ್ಪೇನು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ! ಆದೇಶ ಕೊಟ್ಟವರು ನೀವು. ವಾಲ್ವ್ ಅದನ್ನು ಪಾಲಿಸಿತೋ ಇಲ್ಲವೋ ನಿಮಗೆ ಗೊತ್ತಿಲ್ಲ ಅಲ್ವಾ?

1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಆಗಿದ್ದು ಇದೇ. ಒತ್ತಡ ಏರಿ, ಅದನ್ನು ಇಳಿಸುವ ರಿಲೀಫ್ ವಾಲ್ವ್ ತೆರೆಯಿತು. ಒತ್ತಡ ಇಳಿದಾಗ ಮುಚ್ಚುವ ಆದೇಶ ಹೋಯಿತು, ಪ್ಯಾನೆಲ್ಲಿನ ದೀಪ ಆರಿತು. ವಾಲ್ವ್ ಮಾತ್ರ ತೆರೆದೇ ಸಿಕ್ಕಿಕೊಂಡಿತ್ತು. ದೀಪದ ವೈರು ವಾಲ್ವಿಗೆ ಆದೇಶ ಮುಟ್ಟಿಸುವ ವಿದ್ಯುತ್ ಸುರುಳಿಯ (ಸೊಲೆನಾಯ್ಡ್) ಕರೆಂಟಿಗೆ ಸೇರಿತ್ತು, ವಾಲ್ವಿಗಲ್ಲ. ಎರಡು ಗಂಟೆಗೂ ಜಾಸ್ತಿ ಹೊತ್ತು ರಿಯಾಕ್ಟರನ್ನು ತಂಪಾಗಿಡುವ ನೀರು ಹೊರಗೆ ಹೋಯಿತು. ರಿಯಾಕ್ಟರಿನ ಇಂಧನದ ಸುಮಾರು ಅರ್ಧ ಭಾಗ ಕರಗಿತು.

ಒಂದು ಹಾಳೆ ತಗೊಳ್ಳಿ. ಆದೇಶಕ್ಕೆ ಮೊದಲು ಪಟ್ಟಿಯಲ್ಲಿ ಇರುವುದು ಒಂದೇ: ‘ತೆರೆದಿದೆ’. ಆದೇಶ ಹೋದ ಮೇಲೆ ಎರಡು ಬರೆಯಬೇಕು: ‘ಮುಚ್ಚಿದೆ’, ‘ಸಿಕ್ಕಿಕೊಂಡಿದೆ’. ಸಿಕ್ಕಿಕೊಳ್ಳುವುದು ನಿಮಗೆ ಕಾಣದ ಘಟನೆ. ಹಾಗಾಗಿ ಅದನ್ನು ಹೊಡೆದು ಹಾಕುವ ಹಕ್ಕು ನಿಮಗಿಲ್ಲ. ಈ ಪಟ್ಟಿಯೇ ಸ್ಟೇಟ್ ಎಸ್ಟಿಮೇಟ್, ಅಂದರೆ ವಾಲ್ವ್ ಈಗ ಇರಬಹುದಾದ ಸ್ಥಿತಿಗಳ ಅಂದಾಜು. ಮುಂದೆ ಕಾಣುವ ಒಂದೊಂದು ಘಟನೆಯೂ ಪಟ್ಟಿಯಿಂದ ಯಾರನ್ನು ಹೊರಹಾಕುತ್ತದೆ ಎಂದು ನೋಡುತ್ತಾ ಹೋಗಬೇಕು.

ತ್ರೀ ಮೈಲ್ ಐಲ್ಯಾಂಡಿನಲ್ಲಿ ವಾಲ್ವಿನಾಚೆಯ ಪೈಪು ಬಿಸಿಯಾಗಿತ್ತು. ಆದರೆ ಆ ವಾಲ್ವ್ ಮೊದಲೇ ಸ್ವಲ್ಪ ಸೋರುತ್ತಿತ್ತು, ಬಿಸಿ ಆ ಸೋರಿಕೆಯದ್ದೇ ಅಂತ ಆಪರೇಟರ್‌ಗಳು ಅಂದುಕೊಂಡರು. ಎರಡು ಸ್ಥಿತಿಗೂ ಒಂದೇ ಸಾಕ್ಷಿ ಸಿಕ್ಕರೆ ಆ ಸಾಕ್ಷಿಗೆ ಬೆಲೆಯಿಲ್ಲ. ಸಣ್ಣ ಸೋರಿಕೆಯನ್ನು ರಿಪೇರಿ ಮಾಡದೆ ಬಿಟ್ಟರೆ ಒಂದು ಕಣ್ಣು ಕಳೆದುಕೊಂಡ ಹಾಗೆ.

ಎಲ್ಲವೂ ಕಾಣಲೇಬೇಕು ಅಂತಿಲ್ಲ. ನಿಯಂತ್ರಣ ಶಾಸ್ತ್ರದ ಸಂಶೋಧಕರಾದ ಫೆಂಗ್ ಲಿನ್ ಮತ್ತು ವೊನಮ್ 1988ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ಒಂದೇ ಥರ ಕಾಣುವ ಎರಡು ಸ್ಥಿತಿಗಳಲ್ಲಿ ನೀವು ಮಾಡಬೇಕಾದ ಕೆಲಸವೂ ಒಂದೇ ಆಗಿದ್ದರೆ ತೊಂದರೆಯಿಲ್ಲ. ಇಲ್ಲಿ ಹಾಗಿಲ್ಲ. ಮುಚ್ಚಿದ್ದರೆ ಮುಂದಿನ ಹಂತ, ಸಿಕ್ಕಿಕೊಂಡಿದ್ದರೆ ಅದೇ ಪೈಪಿನ ಇನ್ನೊಂದು ವಾಲ್ವನ್ನು (ಬ್ಲಾಕ್ ವಾಲ್ವ್) ಮುಚ್ಚಬೇಕು.

ನಾನಾದರೆ ವಾಲ್ವಿನ ಸ್ಟೆಮ್ಮಿಗೇ (ಚಲಿಸುವ ದಂಡಕ್ಕೇ) ಎರಡು ಲಿಮಿಟ್ ಸ್ವಿಚ್ ಹಾಕಿಸುತ್ತೇನೆ, ‘ತೆರೆದಿದೆ’ಗೆ ಒಂದು, ‘ಮುಚ್ಚಿದೆ’ಗೆ ಒಂದು; ಜೊತೆಗೊಂದು ಟೈಮರ್. ಹೊತ್ತು ಮೀರಿದರೂ ‘ಮುಚ್ಚಿದೆ’ ಸಂಕೇತ ಬರದಿದ್ದರೆ ಅಲಾರಂ. ಎರಡೂ ಸ್ವಿಚ್ ಒಟ್ಟಿಗೆ ಆನ್ ಆದರೂ ಅಲಾರಂ. ಅತಿಯಾಯ್ತು ಅನ್ನುವವರು ಅನ್ನಲಿ.

ಪ್ರಶ್ನೆ: ಅಳತೆಗಳಲ್ಲಿನ ಏರುಪೇರು ಸೋಸಿ ಅಂದಾಜು ಕೊಡುವ ಕಾಲ್ಮನ್ ಫಿಲ್ಟರ್ ಸಾಲದೇ?

ಅದು ಅಳತೆಯ ಅಂಕಿಗಳಿಗೆ. ‘ಮುಚ್ಚಿದೆ’ ಮತ್ತು ‘ಸಿಕ್ಕಿಕೊಂಡಿದೆ’ ಎರಡರ ಸರಾಸರಿ ಏನು ಹೇಳಿ?

ಪ್ರಶ್ನೆ: 20 ಸ್ಥಿತಿಗಳಿಗೆ ಅಬ್ಸರ್ವರ್ (ಆಗಬಹುದಾದ ಎಲ್ಲ ಪಟ್ಟಿಗಳ ನಕ್ಷೆ) ಕಟ್ಟಿದರೆ ಪಟ್ಟಿಗಳ ಸಂಖ್ಯೆ 10 ಲಕ್ಷ ದಾಟುತ್ತದಂತೆ?

ದಾಟಬಹುದು. ಸುಮ್ನೆ ಎಲ್ಲವನ್ನೂ ಮೊದಲೇ ಯಾಕೆ ಕಟ್ಟುತ್ತೀರಿ? ಈ ಕ್ಷಣದ ಪಟ್ಟಿ ಒಂದನ್ನು ಇಟ್ಟುಕೊಂಡು ನಡೆಯಿರಿ.

ಪ್ರಶ್ನೆ: ಹೊಸ ಸೆನ್ಸರ್ ಇಲ್ಲದೆ ಎಲ್ಲ ದೋಷ ಹಿಡಿಯುವ ಎಐ ಪೆಟ್ಟಿಗೆ ಕೊಳ್ಳಬಹುದೇ?

ಬೇಡ. ದೋಷ ಇದ್ದಾಗಲೂ ಇಲ್ಲದಾಗಲೂ ಒಂದೇ ಸಂಕೇತ ಬರುವ ಕಡೆ ಯಾವ ಸಾಫ್ಟ್‌ವೇರೂ ವ್ಯತ್ಯಾಸ ಕಾಣಲಾರದು. ಕಂಡಿದೆ ಎನ್ನುವವರು ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: ಕರೆಂಟ್ ಹೋಗಿ ಬಂದರೆ ಯಾವ ಸ್ಥಿತಿಯಿಂದ ಶುರು ಮಾಡಬೇಕು?

ಎಲ್ಲ ಸ್ಥಿತಿಗಳನ್ನೂ ಪಟ್ಟಿಗೆ ಹಾಕಿ. ಹಳೆಯದನ್ನು ನಂಬಬೇಡಿ. ಅಷ್ಟರಲ್ಲಿ ಯಾರೋ ಕೈಯಿಂದ ವಾಲ್ವ್ ತಿರುಗಿಸಿರುತ್ತಾರೆ.