ಸೈಜ್ ಮಾಡಿದ ಮೇಲೆ .308 ರೈಫಲ್ ಕೇಸ್‌ಗಳ (ಹಾರಿಸಿದ ತೋಟಾದ ಹಿತ್ತಾಳೆ ಕೊಳವೆ) ಶೋಲ್ಡರ್ (ಕತ್ತಿನ ಕೆಳಗಿನ ಇಳಿಜಾರು) ನಗ್ಗುತ್ತಿದೆ, ಬುಡದ ಹತ್ತಿರ ಹೊಳೆಯುವ ಗೆರೆ ಕಾಣುತ್ತಿದೆ. ಮತ್ತೆ ಲೋಡ್ ಮಾಡಬಹುದಾ?

ನೀವು ಮೂರು ತೊಂದರೆ ಹೇಳಿದ್ದೀರಿ. ಶೋಲ್ಡರ್ ಮೇಲೆ ಸಣ್ಣ ನಗ್ಗು, ಬುಲೆಟ್ ಕೂರಿಸುವಾಗ ಶೋಲ್ಡರ್ ಕುಸಿದು ಚೇಂಬರ್‌ಗೆ (ರೈಫಲ್‌ನಲ್ಲಿ ತೋಟಾ ಕೂರುವ ಗೂಡು) ಹೋಗದ ನಾಲ್ಕೈದು ಕೇಸ್, ಆಮೇಲೆ ಐದಾರು ಸಲ ಹಾರಿಸಿದ ಕೇಸ್‌ಗಳ ಬುಡದ ಹತ್ತಿರ ಸುತ್ತಲೂ ಹೊಳೆಯುವ ಗೆರೆ. ನೀವು ನಗ್ಗಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ, ಆದರೆ ನನಗೆ ಭಯ ಆಗಿದ್ದು ಆ ಗೆರೆಯ ಮಾತು ಓದಿದಾಗ. ಅದನ್ನು ಪರೀಕ್ಷೆ ಮಾಡುವ ತನಕ ಆ ಕೇಸ್‌ಗಳನ್ನು ದಯವಿಟ್ಟು ಮುಟ್ಟಬೇಡಿ.

ಕೇಸಿನ ಬುಡ ದಪ್ಪ, ಮೇಲೆ ಹೋದಂತೆ ಗೋಡೆ ತೆಳು. ಗುಂಡು ಹಾರಿದಾಗ ಆ ತೆಳು ಗೋಡೆ ಉಬ್ಬಿ ಚೇಂಬರನ್ನು ಕಚ್ಚಿ ಹಿಡಿಯುತ್ತದೆ, ಬುಡ ಮಾತ್ರ ಬೋಲ್ಟ್ (ಚೇಂಬರ್ ಹಿಂಬದಿ ಮುಚ್ಚುವ ಭಾಗ) ಕಡೆಗೆ ಹಿಂದೆ ಸರಿಯುತ್ತದೆ. ಸೈಜಿಂಗ್ ಡೈ (ಹಾರಿಸಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಶೋಲ್ಡರನ್ನು ಬೇಕಾದ್ದಕ್ಕಿಂತ ಹಿಂದಕ್ಕೆ ತಳ್ಳಿದ್ದರೆ ಹಿಂದೆ ಅಷ್ಟು ಜಾಗ ಖಾಲಿ ಇರುತ್ತದೆ, ಆ ಜಾಗ ತುಂಬಲು ನಡುವಿನ ಹಿತ್ತಾಳೆ ಎಳೆದುಕೊಳ್ಳುತ್ತದೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ತೆಳುವಾಗುತ್ತದೆ. ಕೊನೆಗೆ ಅಲ್ಲೇ ಎರಡು ತುಂಡಾಗುತ್ತದೆ. ನನಗೆ ಒಂದು ಸಲ ಹಾಗಾಗಿದೆ. ಬೋಲ್ಟ್ ಎಳೆದೆ, ಬೆರಳಿನ ಗೆಣ್ಣಿಗಿಂತ ಚಿಕ್ಕ ಬುಡ ಒಂದೇ ಕೈಗೆ ಬಂತು, ಉಳಿದದ್ದೆಲ್ಲ ಚೇಂಬರ್‌ನಲ್ಲೇ ಸಿಕ್ಕಿಕೊಂಡಿತ್ತು. ಹಿಂದಕ್ಕೆ ನುಗ್ಗಿದ ಬಿಸಿ ಗ್ಯಾಸ್ ಕೆನ್ನೆಗೆ ತಾಗಿತ್ತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು.

ಪರೀಕ್ಷೆ ಸುಲಭ. ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿಯನ್ನು 2 ಮಿಲಿಮೀಟರ್ ಬಗ್ಗಿಸಿ ಕೊಕ್ಕೆ ಮಾಡಿ, ಅರದಲ್ಲಿ ಉಜ್ಜಿ ಚೂಪು ಮಾಡಿಕೊಳ್ಳಿ. ಖಾಲಿ ಕೇಸಿನ ತಳ ಮುಟ್ಟಿಸಿ, ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಒಳಗೆ ಕಾಲುವೆ ಬಿದ್ದಿದ್ದರೆ ಕೊಕ್ಕೆ ಅಲ್ಲಿ ತಡೆದು ನಿಲ್ಲುತ್ತದೆ. ಮೊದಲು ಹೊಸ ಕೇಸಿನಲ್ಲಿ ಮಾಡಿ ನೋಡಿ, ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಡೈ ಉಜ್ಜಿದ ಜಾಗದಲ್ಲೂ ಹೊರಗೆ ಹೊಳಪು ಗೆರೆ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ, ಆದರೆ ಹೊರಗಿನಿಂದ ನೋಡಿ ಇದು ಯಾವುದು ಅಂತ ಊಹೆ ಮಾಡುವುದು ಬೇಡ. ಅನುಮಾನ ಇದ್ದರೆ ಒಂದು ಕೇಸನ್ನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಕೊಯ್ದು ಬಿಡಿ, ತೆಳುವಾದ ಜಾಗ ಕಣ್ಣಿಗೇ ಕಾಣುತ್ತದೆ.

ಕಾರಣ ಹೆಚ್ಚಾಗಿ ಡೈ ಸೆಟ್ಟಿಂಗ್‌ನಲ್ಲೇ ಇರುತ್ತದೆ. "ಡೈಯನ್ನು ಶೆಲ್‌ಹೋಲ್ಡರ್‌ಗೆ (ಕೇಸಿನ ಬುಡ ಹಿಡಿಯುವ ತುಂಡು) ಮುಟ್ಟಿಸಿ, ಇನ್ನೂ ಕಾಲು ಸುತ್ತು ತಿರುಗಿಸಿ" ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹಾಗೇ ಕಲಿತೆ. ತುಂಬಾ ರೈಫಲ್‌ಗಳಿಗೆ ಅದು ಅತಿಯಾಯಿತು. ಕಂಪ್ಯಾರೇಟರ್ (ಶೋಲ್ಡರ್ ಎಲ್ಲಿದೆ ಅಂತ ಅಳೆಯುವ ಸಾಧನ) ಹಾಕಿ ಹಾರಿಸಿದ ಕೇಸಿನ ಶೋಲ್ಡರ್ ಅಳೆಯಿರಿ, ಬೋಲ್ಟ್ ಆಕ್ಷನ್ ಆದರೆ ಅಲ್ಲಿಂದ 1ರಿಂದ 2 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಹಿಂದೆ ತಳ್ಳಿದರೆ ಸಾಕು, ಸೆಮಿ ಆಟೋಗೆ 3ರಿಂದ 4. ಮಾಮೂಲಿ ಡೈಯ ಥ್ರೆಡ್ ಇಂಚಿಗೆ 14 ಇರುವುದರಿಂದ ಒಂದು ಪೂರ್ತಿ ಸುತ್ತಿಗೆ ಅದು ಸುಮಾರು 71 ಥೌ ಇಳಿಯುತ್ತದೆ, ಅಂದರೆ 2 ಥೌ ಬೇಕಾದರೆ ಬರೀ 10 ಡಿಗ್ರಿ. ಕೂದಲೆಳೆಯಷ್ಟು ತಿರುಗಿಸಿ, ಅಳೆಯಿರಿ, ಮತ್ತೆ ತಿರುಗಿಸಿ.

ನಗ್ಗಿಗೆ ಕಾರಣ ಲೂಬ್ (ಕೇಸ್ ಡೈಯಲ್ಲಿ ಜಾರಲು ಹಚ್ಚುವ ಎಣ್ಣೆ) ಜಾಸ್ತಿ ಆಗಿರುವುದು. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಡೈ ಒಳಗೆ ಹೋಗಲು ಜಾಗ ಸಿಗದೆ ಹಿತ್ತಾಳೆಯನ್ನೇ ಒಳಕ್ಕೆ ತಳ್ಳುತ್ತದೆ. ಶೋಲ್ಡರ್‌ಗೆ ಲೂಬ್ ಹಚ್ಚಬೇಡಿ, ಮೈಗೆ ಮಾತ್ರ ತೆಳುವಾಗಿ ಹಚ್ಚಿ. ಡೈಯಲ್ಲಿ ಗಾಳಿ ಹೋಗುವ ಸಣ್ಣ ತೂತು ಇದ್ದರೆ ಅದನ್ನೂ ಕ್ಲೀನ್ ಮಾಡಿ. ಹಾಗಂತ ಪೂರ್ತಿ ಒಣಗಿಸಬೇಡಿ, ಕೇಸ್ ಡೈ ಒಳಗೇ ಸಿಕ್ಕಿಕೊಂಡರೆ ತೆಗೆಯುವುದು ದೊಡ್ಡ ಗೋಳು. ಮೆತ್ತಗಿನ ನಗ್ಗು ಮುಂದಿನ ಸಲ ಹಾರಿಸಿದಾಗ ತಾನೇ ಸರಿಹೋಗುತ್ತದೆ, ಮಡಿಕೆ ಬಿದ್ದ ಹಾಗೆ ಚೂಪಾಗಿದ್ದರೆ ಎಸೆಯಿರಿ.

ಶೋಲ್ಡರ್ ಕುಸಿಯುವುದು ಬುಲೆಟ್ ಕೂರಿಸುವ ಸೀಟಿಂಗ್ ಡೈ ತುಂಬಾ ಕೆಳಗಿರುವುದರಿಂದ. ಅದರ ಒಳಗಿನ ಕ್ರಿಂಪ್ ಅಂಚು (ಕೇಸಿನ ಬಾಯನ್ನು ಬುಲೆಟ್ ಸುತ್ತ ಬಿಗಿಯುವ ಭಾಗ) ಕೇಸಿನ ಬಾಯನ್ನು ಹಿಡಿದು ಕೆಳಕ್ಕೆ ತಳ್ಳುತ್ತದೆ. ಡೈಯನ್ನು ಒಂದು ಸುತ್ತು ಮೇಲೆತ್ತಿ, ಆಮೇಲೆ ಬುಲೆಟ್ ಕೂರಿಸುವ ಸ್ಟೆಮ್ ಹೊಂದಿಸಿಕೊಳ್ಳಿ. ಕೆಲವೇ ಕೇಸ್ ಕುಸಿದಿವೆ ಅಂದರೆ ಅವು ಉಳಿದವಕ್ಕಿಂತ ಉದ್ದ ಇರಬಹುದು. .308ಕ್ಕೆ ಗರಿಷ್ಠ ಉದ್ದ 2.015 ಇಂಚು, 2.005ಕ್ಕೆ ಟ್ರಿಮ್ ಮಾಡಿ, ಬಾಯಿಯ ಅಂಚು ಒಳಗೂ ಹೊರಗೂ ಕೆರೆಯಿರಿ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಕೇಸ್ ಹೊಳೆಯಲಿ ಅಂತ ಅಮೋನಿಯಾ ಇರುವ ಪಾಲಿಷ್ ಹಾಕಬೇಡಿ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಕಾರ್ಟ್ರಿಜ್‌ಗಳು ಸುಮ್ನೆ ಇದ್ದಲ್ಲೇ ಸೀಳುತ್ತಿದ್ದವು. ಕುದುರೆ ಗಂಜಲದ ಅಮೋನಿಯಾವೇ ಕಾರಣ ಅಂತ 1921ರಲ್ಲಿ ಗೊತ್ತಾಯಿತು.

ಕೊಕ್ಕೆಗೆ ಸಿಕ್ಕಿದ ಕೇಸ್‌ಗಳನ್ನು ಇಕ್ಕಳದಲ್ಲಿ ಜಜ್ಜಿ ಎಸೆಯಿರಿ, ಇಲ್ಲದಿದ್ದರೆ ಒಳ್ಳೆಯವುಗಳ ಜೊತೆ ಮತ್ತೆ ಸೇರಿಕೊಳ್ಳುತ್ತವೆ. ಒಂದನ್ನು ಮಾತ್ರ ಉಳಿಸಿಕೊಂಡು ಉದ್ದಕ್ಕೆ ಕೊಯ್ದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.