ತಾತನ 22, ಮೊಮ್ಮಗಳ 44

ಶಿವಮೊಗ್ಗದ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವಿಷಯ ಇಷ್ಟು: ಎಂಟನೇ ಕ್ಲಾಸಿನ ಮೊಮ್ಮಗಳು ಅಂತರಶಾಲಾ ಕ್ವಿಜ್‌ಗೆ ಹೋಗಿದ್ದಳು. ‘1791ರಲ್ಲಿ ಡಬ್ಲಿನ್ ನಗರದಲ್ಲಿ ಕಟ್ಟಿದ ಬಾಜಿಯಿಂದ ಹುಟ್ಟಿದ ಪದ ಯಾವುದು?’ ಎಂಬ ಪ್ರಶ್ನೆ ಬಂತು. ‘ಕ್ವಿಜ್’ ಅಂದಳು, ಹತ್ತು ಅಂಕ ಸಿಕ್ಕಿತು. ತಾತನಿಗೆ ನಂಬಿಕೆ ಬರಲಿಲ್ಲ. ಅದೇ ಸಂಜೆ ಮನೆಯಲ್ಲಿ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ) ಆಡುವಾಗ ಮೊದಲ ಸರದಿಯಲ್ಲೇ ಅವಳು ಅದೇ ಪದ ಜೋಡಿಸಿ 44 ಅಂಕ ಬರೆದುಕೊಂಡಳು. ‘ನಾನು ಎರಡು ಸಲ ಕೂಡಿದೆ, 22 ಬರುತ್ತದೆ. ಇದು ಮೋಸ ಅಲ್ವಾ? ಅದಿರಲಿ, ರಸಪ್ರಶ್ನೆ ಅನ್ನೋ ಪದ ಇರುವಾಗ ನಮಗೆ ಈ ಕ್ವಿಜ್ ಯಾಕೆ?’ ಅಂತ ಕೇಳಿದ್ದಾರೆ.

ಮಾನ್ಯರೇ,

ಮೊದಲು ಬಾಜಿಯ ಕತೆ. ಡಬ್ಲಿನ್‌ನಲ್ಲಿ ರಿಚರ್ಡ್ ಡೇಲಿ ಎಂಬ ನಾಟಕಶಾಲೆಯ ಯಜಮಾನ ಇದ್ದದ್ದು ನಿಜ. ಅರ್ಥವೇ ಇಲ್ಲದ ಪದವೊಂದನ್ನು ಒಂದೆರಡು ದಿನದೊಳಗೆ ಊರಿನವರ ಬಾಯಲ್ಲೆಲ್ಲ ಆಡಿಸ್ತೀನಿ ಅಂತ ಅವನು ಪಂಥ ಕಟ್ಟಿದನಂತೆ. ರಾತ್ರಿ ಕೆಲಸದವರ ಕೈಗೆ ಸೀಮೆಸುಣ್ಣ ಕೊಟ್ಟು ಬೀದಿಬೀದಿಗೆ ಓಡಿಸಿದನಂತೆ. ಬೆಳಗಾಗೆದ್ದರೆ ಗೋಡೆ, ಬಾಗಿಲು, ಎಲ್ಲಿ ನೋಡಿದರೂ ‘ಕ್ವಿಜ್’ ಅಂತೆ. ಜನ ‘ಏನಿದು, ಏನಿದು’ ಅಂತ ಕೇಳಿಕೊಂಡು ಓಡಾಡಿದರಂತೆ, ಡೇಲಿ ಗೆದ್ದನಂತೆ.

ಇಷ್ಟೊಂದು ‘ಅಂತೆ’ ಬೇಕಂತಲೇ ಹಾಕಿದ್ದೇನೆ. ಇದು ಅಂತೆಕಂತೆಗಳ ಸಂತೆ. ಸಿಕ್ಕಿಹಾಕಿಕೊಳ್ಳುವುದು ಇಸವಿಯಲ್ಲಿ. ಇಂಗ್ಲಿಷ್ ಲೇಖಕಿ ಫ್ಯಾನಿ ಬರ್ನಿ 1782ರಲ್ಲೇ ತಮ್ಮ ದಿನಚರಿಯಲ್ಲಿ ಒಬ್ಬನನ್ನು ತಮಾಷೆಯ ‘ಕ್ವಿಜ್’ ಅಂತ ಕರೆದಿದ್ದಾರೆ, ಅವನು ತನಗೆ ಹಿಡಿಸಿದ ಅಂತಲೂ ಬರೆದಿದ್ದಾರೆ. 1791ರಲ್ಲಿ ನಾಮಕರಣವಾಯಿತು ಅನ್ನುವ ಕೂಸು ಒಂಬತ್ತು ವರ್ಷ ಮುಂಚೆಯೇ ಓಡಾಡಿಕೊಂಡಿತ್ತು!

ಬರ್ನಿ ಬರೆದದ್ದು ಪ್ರಶ್ನೆಯ ಬಗ್ಗೆ ಅಲ್ಲ, ಮನುಷ್ಯನ ಬಗ್ಗೆ. ನನಗೆ ಇಷ್ಟವಾಗುವುದೇ ಇದು. ಆಗ ಕ್ವಿಜ್ ಅಂದರೆ ವಿಚಿತ್ರ ಆಸಾಮಿ. ನಮ್ಮಲ್ಲಿ ‘ಅವನೊಂಥರಾ ಕಣ್ರೀ’ ಅಂತೀವಲ್ಲ, ಆ ‘ಒಂಥರಾ’. ಆಮೇಲೆ ವಸ್ತುಗಳಿಗೂ ಹತ್ತಿಕೊಂಡಿತು. ಜೇನ್ ಆಸ್ಟಿನ್ ಕಾದಂಬರಿಯೊಂದರಲ್ಲಿ ಮಗನೊಬ್ಬ ಹೆತ್ತ ತಾಯಿಯ ಟೋಪಿ ನೋಡಿ, ಇಂಥ ಕ್ವಿಜ್ ಟೋಪಿ ಎಲ್ಲಿಂದ ತಂದೆ, ಮುದಿ ಮಾಟಗಾತಿ ಥರ ಕಾಣ್ತೀಯ ಅನ್ನುತ್ತಾನೆ. ಅಲ್ಲಿಂದ ಅದು ಕ್ರಿಯಾಪದವೂ ಆಯಿತು: ಕಿಚಾಯಿಸು, ಕೆಣಕು, ಗೇಲಿಯ ಕಣ್ಣಲ್ಲಿ ನೋಡು. ಹಿಡಿಕೆ ಇರುವ ಒಂಟಿ ಗಾಜನ್ನು ಕಣ್ಣಿಗಿಟ್ಟುಕೊಂಡು ಎದುರಿನವರನ್ನು ಅಡಿಯಿಂದ ಮುಡಿವರೆಗೆ ಅಳೆಯುವುದು ಆಗಿನ ಸಿರಿವಂತರ ಷೋಕಿ. ಆ ಗಾಜಿನ ಹೆಸರೇ ಕ್ವಿಜಿಂಗ್ ಗ್ಲಾಸ್. ಇವತ್ತಿಗೂ ಒಂದು ಹುಬ್ಬು ಮೇಲೆತ್ತಿ ನೋಡುವ ನೋಟಕ್ಕೆ ಇಂಗ್ಲಿಷಿನಲ್ಲಿ ‘ಕ್ವಿಜಿಕಲ್’ ಅನ್ನುತ್ತಾರೆ. ಹಳೆಯ ಅರ್ಥ ಅಲ್ಲಿ ಉಳಿದುಕೊಂಡಿದೆ.

1790ರ ಸುಮಾರಿಗೆ ದಾರ ಸುತ್ತಿ ಮೇಲೆ ಕೆಳಗೆ ಆಡಿಸುವ ಆಟಿಕೆಗೂ, ಅಂದರೆ ಈಗಿನ ಯೋಯೋಗೂ, ಕ್ವಿಜ್ ಅನ್ನುತ್ತಿದ್ದರು. ಡಬ್ಲಿನ್‌ನಲ್ಲಿ ಒಂದು ಸಮಿತಿಯ ಸಭೆ ನಡೆಯುವಾಗ ಆರ್ಥರ್ ವೆಲ್ಲೆಸ್ಲಿ ಎಂಬ ಯುವಕ ಅದನ್ನೇ ಆಡಿಸುತ್ತ ಕೂತಿದ್ದ ಅಂತ ಜತೆಯವರು ನೆನಪಿಸಿಕೊಂಡಿದ್ದಾರೆ. ಹೌದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಉಸ್ತುವಾರಿ ವಹಿಸಿಕೊಂಡನಲ್ಲ, ಅದೇ ವೆಲ್ಲೆಸ್ಲಿ.

ಪರೀಕ್ಷೆ ಅನ್ನುವ ಅರ್ಥ ಬಂದದ್ದು ತಡವಾಗಿ, 19ನೇ ಶತಮಾನದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1867ರ ಕಾಗದದಲ್ಲಿ ಅಂಗರಚನಾ ಶಾಸ್ತ್ರದ ‘ಕ್ವಿಜ್’ ಮಾಡುವ ಮಾತಾಡಿದ್ದಾರೆ. ಲ್ಯಾಟಿನ್‌ನಲ್ಲಿ ‘ಕ್ವಿ ಎಸ್’ ಅಂದರೆ ‘ನೀನ್ಯಾರು’. ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆ ಅದೇ, ಪದವೂ ಅಲ್ಲಿಂದಲೇ ಬಂತು ಅನ್ನುವವರಿದ್ದಾರೆ. ಅದೂ ಊಹೆಯೇ. ಆದರೂ ಮೊಮ್ಮಗಳ ಹತ್ತು ಅಂಕ ವಾಪಸ್ ಕೊಡಬೇಕಾಗಿಲ್ಲ. ‘ಹುಟ್ಟಿತು ಎಂಬ ಕತೆಯಿದೆ’ ಅಂತ ಕೇಳದಿದ್ದದ್ದು ಪ್ರಶ್ನೆ ಬರೆದವರ ತಪ್ಪು.

ರಸಪ್ರಶ್ನೆ ನನಗೂ ಇಷ್ಟ. ಬರೀ ಪ್ರಶ್ನೆ ಅಂದರೆ ಹೆದರಿಕೆ, ಮುಂದೆ ‘ರಸ’ ಬಂದರೆ ನಾಲಿಗೆಗೆ ಹಿತ. ಆದರೆ ಬಾಯಲ್ಲಿ ಬರುವುದು ಕ್ವಿಜ್ಜೇ. 1983ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಘ ಕೂಡ ‘ಕರ್ನಾಟಕ ಕ್ವಿಜ್ ಅಸೋಸಿಯೇಷನ್’. ಚಂದನ ವಾಹಿನಿಯವರು 2002ರಲ್ಲಿ ಎರಡನ್ನೂ ಪಕ್ಕಕ್ಕಿಟ್ಟು ‘ಥಟ್ ಅಂತ ಹೇಳಿ’ ಅಂತ ಹೆಸರಿಟ್ಟರು. ನನ್ನ ಕೇಳಿದರೆ ಮೂರರಲ್ಲಿ ಅದೇ ಗೆದ್ದಿತು. ಪದಬಂಧದ ಪುಟ ಕಟ್ಟುವವನಾಗಿ ಇನ್ನೊಂದು ಗಮನಿಸಿದ್ದೇನೆ. ಇಂಗ್ಲಿಷ್ ಕ್ವಿಜ್‌ಗೆ ನಾಲ್ಕು ಚೌಕ ಬೇಕು. ಕನ್ನಡದಲ್ಲಿ ಬರೆದರೆ ‘ಕ್ವಿ’, ‘ಜ್’, ಎರಡೇ ಚೌಕ. ರ, ಸ, ಪ್ರ, ಶ್ನೆ ಅಂತ ಬಿಡಿಸಿದರೆ ಮತ್ತೆ ನಾಲ್ಕು!

ಇನ್ನು ನಿಮ್ಮ ಮನೆಯ ವ್ಯಾಜ್ಯ. 1930ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಈ ಆಟ ಕಟ್ಟಿದರು. ಜಾಸ್ತಿ ಬರುವ ಅಕ್ಷರಕ್ಕೆ ಕಡಿಮೆ ಬೆಲೆ, ಅಪರೂಪಕ್ಕೆ ದುಬಾರಿ ಬೆಲೆ. ನೂರು ಬಿಲ್ಲೆಗಳಲ್ಲಿ ಕ್ಯೂ ಒಂದೇ, ಝಡ್ ಒಂದೇ, ತಲಾ ಹತ್ತು ಅಂಕ. ಯು ಮತ್ತು ಐ ಒಂದೊಂದು. ನಿಮ್ಮ 22 ಸರಿಯಾಗಿಯೇ ಇದೆ. ಆದರೆ ಮೊದಲ ಪದ ನಡುವಿನ ನಕ್ಷತ್ರದ ಮನೆಯನ್ನು ಮುಚ್ಚಲೇಬೇಕು, ಆ ಮನೆ ಪದದ ಬೆಲೆಯನ್ನು ಎರಡರಷ್ಟು ಮಾಡುತ್ತದೆ. ಹಾಗಾಗಿ 44. ನಿಮ್ಮ ಅದೃಷ್ಟ, ಅವಳ ಕೈಯಲ್ಲಿ ಖಾಲಿ ಬಿಲ್ಲೆ (ಯಾವ ಅಕ್ಷರ ಬೇಕಾದರೂ ಮಾಡಿಕೊಳ್ಳಬಹುದು, ಅಂಕ ಮಾತ್ರ ಸೊನ್ನೆ), ಇ ಮತ್ತು ಎಸ್ ಇರಲಿಲ್ಲ. ಖಾಲಿಯನ್ನು ಎರಡನೇ ಝಡ್ ಮಾಡಿಕೊಂಡು ಬಹುವಚನ ಇಟ್ಟಿದ್ದರೆ 24ರ ಎರಡರಷ್ಟು 48, ಏಳೂ ಬಿಲ್ಲೆ ಖರ್ಚಾದದ್ದಕ್ಕೆ 50, ಒಟ್ಟು ಕಡಿಮೆಯೆಂದರೂ 98 ಆಗುತ್ತಿತ್ತು.

ಮುಂದಿನ ಸಲ ಕ್ಯೂ ನಿಮ್ಮ ಕೈಗೆ ಬಂದು ಯು ಸಿಗದೇ ಹೋದರೆ ಸುಮ್ನೆ ಪೇಚಾಡಬೇಡಿ. ಪಕ್ಕದಲ್ಲಿ ಒಂದು ಐ ಇಡಿ. ಚೀನೀಯರು ಪ್ರಾಣಶಕ್ತಿಗೆ ಹೇಳುವ ‘ಚೀ’ ಅದು, ಸ್ಕ್ರ್ಯಾಬಲ್ ನಿಘಂಟಿನಲ್ಲಿದೆ. ಮೊಮ್ಮಗಳು ‘ತಾತ, ಮೋಸ’ ಅಂದರೆ ಈ ಪುಟ ತೋರಿಸಿ.

— ಸಂಪಾದಕ